ಹಾಡಿದವರ ಹೆಸರು

“ಹಾಡಿದವರ ಹೆಸರು ಏನಂತ ಹಾಕ್ಲಿ?” ಎಂದು ಕೇಳಿ ಸಂಘಮಿತ್ರ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ಕಾದಳು. ವಿಶ್ವವಿದ್ಯಾಲಯದ ಗ್ರಂಥಾಲಯದ ಡಿಜಿಟಲ್ ಸಂಗ್ರಹಕ್ಕೆ ಹಳ್ಳಿಯ ಹಾಡುಗಳನ್ನು ಸೇರಿಸಲು ಅವಳು ನಲ್ಲೂರಿಗೆ ಬಂದಿದ್ದಳು. ನೆತ್ತಿಯ ಮೇಲೆ ವಿಮಾನ ಹೋದಾಗಲೆಲ್ಲ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರುಮಾಡಿ, ಸೊಣ್ಣಮ್ಮ ಆಗಷ್ಟೇ ಮನೆ ತುಂಬಿಸಿಕೊಳ್ಳುವ ಹಾಡನ್ನು ಮುಗಿಸಿದ್ದಳು.

“ಊರ ಹೆಂಗಸರು ಅಂತ ಹಾಕ್ಕೊಳಮ್ಮ, ಸಾಕು,” ಎಂದರು ಜಗಲಿಯ ಮೇಲಿದ್ದ ಸೊಣ್ಣಮ್ಮನ ಗಂಡನ ಅಣ್ಣ ದೊಡ್ಡಮುನಿಯಪ್ಪ.

ಭಾವನ ಮಾತಿಗೆ ಸೊಣ್ಣಮ್ಮ ಎಂದೂ ಎದುರಾಡಿದವಳಲ್ಲ. ಇಂದು ಮಾತ್ರ ಸೆರಗು ಸರಿಮಾಡಿಕೊಂಡು ಸಂಘಮಿತ್ರಳ ಕಡೆಗೇ ತಿರುಗಿದಳು. “ಊರೋರು ಕಟ್ಟಿದ್ ಹಾಡಲ್ಲ ಕಣಮ್ಮ ಇದು. ನಾನು ಮದುವೆಯಾಗಿ ಈ ಹೊಸ್ತಿಲು ತುಳಿದ ದಿನ ನಮ್ಮತ್ತೆ ನಿಂತ್ಕೊಂಡ್ ನಿಂತಂಗೇ ಕಟ್ಟಿ ಹಾಡಿದ್ರು. ಮೊದ್ಲು ಅವರ ಹೆಸರು ಹಾಕು. ಕೆಳಗೆ ನನ್ನ ಹೆಸರು ಹಾಕು, ಸೊಣ್ಣಮ್ಮ ಅಂತ.”

“ನಿಮ್ಮತ್ತೆ ಹೆಸರೇನಮ್ಮ?”

ಸೊಣ್ಣಮ್ಮ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮುನಿಯಪ್ಪ ಜಗಲಿಯಿಂದ ಇಳಿದು ಬಂದು ಲ್ಯಾಪ್‌ಟಾಪಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ಮುನಿಪಿಳ್ಳಮ್ಮ,” ಎಂದರು. “ನಮ್ಮವ್ವ. ತಪ್ಪಿಲ್ದಂಗೆ ಬರಿಯಮ್ಮ.”