ಜಡ್ಡುಗಟ್ಟದ ಬೆರಳುಗಳು

ಮಕ್ಕಳೇ, ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಈಗಲೂ ನನ್ನ ಎಡಗೈ ತಾನಾಗಿ ಮುಚ್ಚಿಕೊಳ್ಳುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದಾಗ, ಪಿಟೀಲಿನ ತಂತಿ ಒತ್ತಿ ಒತ್ತಿ ಆ ಕೈಯ ಬೆರಳ ತುದಿಗಳು ಹುಣ್ಣಾಗಿದ್ದವು. "ನೀರು ಸೋಕಿಸ್ಬೇಡಮ್ಮ. ಚರ್ಮ ಜಡ್ಡುಗಟ್ಟಿದ್ರೆ ನೋವಿರಲ್ಲ, ಶಾಲೆ ಹಬ್ಬಕ್ಕೆ ನೀನೇ ನುಡಿಸ್ತೀಯ" ಎಂದಿದ್ದರು ಪಿಟೀಲು ಮೇಷ್ಟ್ರು. ಹಬ್ಬಕ್ಕೆ ಎರಡೇ ದಿನವಿತ್ತು.

ಆ ಮಧ್ಯಾಹ್ನ ದೊಡ್ಡಮ್ಮ ನನ್ನನ್ನು ಗೂಡು ಬೇಯಿಸುವ ಬಾಣಲೆಯ ಮುಂದೆ ಕೂರಿಸಿ, ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆಯ ತುದಿ ಹುಡುಕಲು ಹೇಳಿದರು.

"ಮೇಷ್ಟ್ರು ನೀರು ಬೇಡ ಅಂದವ್ರೆ ದೊಡ್ಡಮ್ಮ."

"ಗೊತ್ತು ಕಣೇ. ಅದ್ದು."

ಸಂಜೆಗೆ, ಗಟ್ಟಿಯಾಗುತ್ತಿದ್ದ ಚರ್ಮವೆಲ್ಲ ಮೆತ್ತಗಾಗಿ ಸಿಪ್ಪೆಯಂತೆ ಎದ್ದು ಬಂತು. ದೊಡ್ಡಮ್ಮ ಒಂದೊಂದೇ ಬೆರಳನ್ನು ಸವರಿ ನೋಡಿದರು.

"ಈಗ ಹೆಣ್ಣಿನ ಕೈ ಆಯ್ತು. ನಾಳೆ ಗಂಡಿನೋರು ನಿನ್ನ ನೋಡೋಕೆ ಬರ್ತಾರೆ, ಅಳಬೇಡ, ಕಣ್ಣು ಊದ್ಕೊಳ್ತವೆ" ಎಂದು ಕೊಬ್ಬರಿಎಣ್ಣೆ ಹಚ್ಚಿದರು.