ಹುಬ್ಬು ಬಿಡಿ, ಕಾಲು ನೋಡಿ

ಗಿರಾಕಿ ಹೆಂಗಸು ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದ್ದೇ ತಡ, ಟೈಲರ್ ಪರದೆಯ ಹಿಂದೆ ಸರಿದುಬಿಟ್ಟ. ಮೂವತ್ತು ವರ್ಷ ಕತ್ತರಿ ಹಿಡಿದ ಆಸಾಮಿ; ಬಟ್ಟೆಯ ಮುಂದೆ ಹುಲಿ, ಗಿರಾಕಿಯ ಮುಂದೆ ಇಲಿ. ಟ್ರಯಲ್‌ಗೆ ಯಾರೇ ಬರಲಿ, ಅವನ ಕಣ್ಣು ನೆಟ್ಟಗೆ ಅವರ ಹುಬ್ಬಿಗೇ ಹೋಗಿ ನಾಟುತ್ತಿತ್ತು.

"ಭುಜ ಸರಿಯಿಲ್ಲ ಅಂತಾರೆ ನೋಡು. ನಾನು ಊಟಕ್ಕೆ ಹೋಗಿದೀನಿ ಅಂತ ಹೇಳ್ಬಿಡೇ," ಎಂದು ಅಲ್ಲೇ ಗುಂಡಿ ಹಚ್ಚುತ್ತಿದ್ದ ಹೆಂಡತಿಯ ಕಿವಿಯಲ್ಲಿ ಉಸುರಿದ.

ಅವಳು ದಾರವನ್ನು ಹಲ್ಲಿನಿಂದ ಕಡಿದು, ಪರದೆಯ ಅಂಚನ್ನು ಒಂದು ಗೇಣು ಮೇಲೆತ್ತಿದಳು. "ಹುಬ್ಬು ಬಿಡಿ, ಕಾಲು ನೋಡಿ. ಇಷ್ಟ ಆಗದೇ ಇದ್ದೋರು ಬಿಚ್ಚಿ ಕೈಗೆ ಕೊಡ್ತಾರೆ. ಇವರು ಮೂರನೇ ಸಲ ತಿರುಗ್ತಿದಾರೆ."

ನಿಜವೇ. ಗಿರಾಕಿಯ ಚಪ್ಪಲಿಗಳು ಎಡಕ್ಕೆ ತಿರುಗಿದವು, ಬಲಕ್ಕೆ ತಿರುಗಿದವು, ಬೆನ್ನು ನೋಡಿಕೊಳ್ಳಲು ತುದಿಗಾಲಲ್ಲಿ ನಿಂತವು.

"ಇದನ್ನೆಲ್ಲ ಎಲ್ಲಿ ಕಲಿತೆ?"

"ನಿಮ್ಮ ಹತ್ರಾನೇ. ಮೊದಲನೇ ಸಲ ನಮ್ಮನೆಗೆ ಬಂದಾಗ ನಿಮ್ಮ ಮುಖಾನೂ ಹೀಗೇ ಗಂಟು ಹಾಕ್ಕೊಂಡಿತ್ತು. 'ಇವನಿಗೆ ನೀನು ಹಿಡಿಸ್ಲಿಲ್ಲ ಕಣೇ' ಅಂದ್ಲು ಅಮ್ಮ. ಆದ್ರೆ ನೀವು, ಹೊರಡ್ತೀನಿ ಹೊರಡ್ತೀನಿ ಅಂತ ಅರ್ಧ ಗಂಟೆ ಹೊಸ್ತಿಲಲ್ಲೇ ಚಪ್ಪಲಿ ಹುಡುಕಿದ್ರಿ. ಚಪ್ಪಲಿ ಕಾಲಲ್ಲೇ ಇತ್ತು."

ಟೈಲರ್ ಕೊರಳ ಟೇಪು ಸರಿಮಾಡಿಕೊಂಡು, ಕೆಮ್ಮಿ, ಪರದೆ ಸರಿಸಿ ಹೊರಗೆ ಬಂದ.

"ಬೆನ್ನು ಚೆನ್ನಾಗಿ ಕೂತಿದೆಯಲ್ವಾ ಮೇಡಂ?" ಎಂದು ಅವರ ಚಪ್ಪಲಿಗಳನ್ನೇ ನೋಡುತ್ತ ವಿನಯದಿಂದ ಕೇಳಿದ.