ಎರಡೂ ಕಡೆ ಒಮ್ಮೆಲೇ

ಹುಬ್ಬಳ್ಳಿಯ ಸುವರ್ಣಾ, ಮಂಗಳೂರಿನ ಲ್ಯಾನ್ಸಿ ಒಂದೇ ಕಂಪನಿಯ ಎರಡು ಊರಿನ ಡೇಟಾಬೇಸ್ ನೋಡಿಕೊಳ್ಳುವವರು. ಯಾವ ದಾಖಲೆಯನ್ನಾದರೂ ಬರೆದರೆ ಎರಡೂ ಕಡೆ ಬರೆಯಬೇಕು, ಇಲ್ಲವೇ ಎಲ್ಲೂ ಬರೆಯಬಾರದು ಎಂಬುದು ಅವರ ಕೆಲಸದ ನಿಯಮ. ತಾವಿಬ್ಬರೂ ಮದುವೆಯಾಗುವ ವಿಷಯವನ್ನೂ ಹಾಗೆಯೇ, ಭಾನುವಾರ ಒಂದೇ ಹೊತ್ತಿಗೆ ತಮ್ಮ ತಮ್ಮ ಅಪ್ಪಂದಿರಿಗೆ ಹೇಳುವುದೆಂದು ಗೊತ್ತುಮಾಡಿಕೊಂಡರು. ಒಬ್ಬರು ಹೇಳಿ ಇನ್ನೊಬ್ಬರು ಹೆದರಿದರೆ ಹೇಳಿದವರ ಗತಿಯೇನು?

ಆ ಹೊತ್ತು ದಾಟಿತು. ಮಾಳಿಗೆಯ ಮೇಲೆ ಶತಪಥ ಹಾಕುತ್ತಲೇ ಸುವರ್ಣಾ ಫೋನ್ ಮಾಡಿದಳು.

"ನಿಮ್ಮಪ್ಪಗ ಹೇಳಿದೇನು?"

"ಹೇಳಿದೆ ಮಾರಾಯ್ತಿ. ನೀನು?"

"ನಾನೂ ಹೇಳೀನಿ. ಏನಂದ್ರು?"

"ಸ್ವಲ್ಪ ಹಾರಾಡಿದ್ರು. ಮತ್ತೆ ಆಯ್ತು ಅಂದ್ರು. ನಿಮ್ಮಪ್ಪ?"

"ಅವರೂ ಹಂಗ. ಇನ್ನ ಹಿಂದ ಸರಿಯಂಗಿಲ್ಲ ನೋಡು."

"ಇನ್ನೆಂಥ ಹಿಂದೆ ಸರಿಯುವುದು!"

ಫೋನಿಟ್ಟು ಇಬ್ಬರೂ ಬೆವರು ಒರೆಸಿಕೊಂಡರು. ಆಮೇಲೆ ಹುಬ್ಬಳ್ಳಿಯಲ್ಲಿ ಅವಳು, ಮಂಗಳೂರಿನಲ್ಲಿ ಅವನು, ಅಪ್ಪನಿಗೆ ಮೊದಲ ಸಲ ವಿಷಯ ಹೇಳಲು ಒಳಗೆ ಹೋದರು.